ಅಂಡಮಾನಿಗೆ ಫ್ಲೈ ಲೈನ್ (ಕೃತಕ ನೊಣವನ್ನ ಮೀನಿನ ಕಡೆ ಎಸೆಯೋಕೆ ಬಳಸೋ ದಾರ) ತಗೊಳ್ಳೋರು ದಯವಿಟ್ಟು ಓದಿ, ನನಗಾದದ್ದು ನಿಮಗಾಗಬಾರದು

7,500 ರೂಪಾಯಿ ಹೋಯ್ತು. ದುಡ್ಡು ಹಾಳಾಗಲಿ, 4 ದಿನದ ದೋಣಿ ಬಾಡಿಗೆ, ವರ್ಷವಿಡೀ ಕಾದು ಉಳಿಸಿಕೊಂಡಿದ್ದ ರಜೆ ಎಲ್ಲಾ ಹೋಯ್ತು. ಹೇಳ್ಕೊಳ್ಳೋಕೆ ನಾಚಿಕೆ, ಆದ್ರೂ ಬರೀತಿದ್ದೀನಿ.

ಜನವರಿಯಲ್ಲಿ ಇಲ್ಲೇ ಮೈಸೂರಿನಲ್ಲಿ ಮೀನು ಹಿಡಿಯೋ ಸಾಮಾನು ಮಾರೋರ ಹತ್ತಿರ ಹೋದೆ. ಅಂಡಮಾನಿಗೆ ಹೋಗ್ತಿದ್ದೀನಿ, ಬ್ಲೂಫಿನ್ ಟ್ರೆವಲ್ಲಿ ಮೀನು ಹಿಡಿಯೋಕೆ, 9 ನಂಬರ್ ರಾಡ್ ಅಂತ ಎರಡೆರಡು ಸಲ ಹೇಳಿದೆ. ಎರಡು ಸಲ! ಅವರು ಒಂದು ಡಬ್ಬಿ ತೆಗೆದು, ಒಂದು ಮಾರು ಲೈನ್ ಎಳೆದು ನನ್ನ ಅಂಗೈ ಮೇಲೆ ಬಿಟ್ಟರು. "ನೋಡಿ ಸಾರ್, ಎಷ್ಟು ಮೆತ್ತಗಿದೆ, ಒಂದು ಸುರುಳಿ ಇಲ್ಲ. ಸಾಲ್ಟ್‌ವಾಟರ್ ಲೈನು, ಕಣ್ಮುಚ್ಕೊಂಡು ತಗೊಳ್ಳಿ." ಬೆಳಗಿನ ಚಳಿ. ನಿಜಕ್ಕೂ ರೇಷ್ಮೆ ದಾರದ ಹಾಗಿತ್ತು. ಆ ಮೆತ್ತಗಿರೋದನ್ನೇ ನಾನು ಒಳ್ಳೇ ಮಾಲು ಅಂದ್ಕೊಂಡೆ.

ಅಂಡಮಾನಿನಲ್ಲಿ ಬೆಳಿಗ್ಗೆ 10 ಗಂಟೆಗೆ ಬಿಸಿಲು ಏರಿತು. ಲೈನ್ ಬೆಂದ ಶಾವಿಗೆ ಆಯ್ತು. ಹಲಸಿನ ಅಂಟು ಸವರಿದ ಹಾಗೆ ರಾಡಿನ ಗೈಡ್‌ಗಳಿಗೆ (ಲೈನ್ ಹಾಯೋ ಬಳೆಗಳಿಗೆ) ಹಿಡ್ಕೊಳ್ತು, ಎಸೆದರೆ ಮುಂದಕ್ಕೇ ಹೋಗಲ್ಲ. ಟ್ರೆವಲ್ಲಿ ಗುಂಪು ಕಣ್ಣೆದುರಿಗೇ ಬಂತು, 60 ಅಡಿ ದೂರದಲ್ಲಿ. ನನ್ನ ನೊಣ ಅರ್ಧ ದಾರಿಯಲ್ಲೇ ಬಿತ್ತು. ದೋಣಿಯವರು ನನ್ನ ಮುಖ ನೋಡಲಿಲ್ಲ, ನೀರು ನೋಡ್ತಾ ನಿಂತರು.

ರಾತ್ರಿ ರೂಮಿನಲ್ಲಿ ಡಬ್ಬಿ ಮೇಲಿದ್ದ ಬೆಲೆ ಚೀಟಿಯನ್ನ ಉಗುರಲ್ಲಿ ಕೆರೆದೆ. ಸಾಲ್ಟ್‌ವಾಟರ್ ಅನ್ನೋದರ ಹಿಂದೆ ಇನ್ನೊಂದು ಪದ ಅಚ್ಚಾಗಿತ್ತು: ಕೋಲ್ಡ್. ಸರಿಯಾಗಿ ಅದರ ಮೇಲೇ ಚೀಟಿ! ಮೈಯೆಲ್ಲಾ ಉರಿದುಹೋಯ್ತು.

ಅಂಗಡಿಯವರಿಗೆ ಫೋನ್ ಮಾಡಿದರೆ ಮೊದಲನೇ ಮಾತು, "ನಿಮ್ಮ ಎಸೆತ ಸರಿ ಮಾಡ್ಕೊಳ್ಳಿ." ಆಮೇಲೆ, "ಸನ್‌ಸ್ಕ್ರೀನ್ ಕೈಯಲ್ಲಿ ಮುಟ್ಟಿರ್ತೀರ." ಚೀಟಿ ವಿಷಯ ಎತ್ತಿದ ಮೇಲೆ, "ಉಪ್ಪುನೀರಿಗೆ ಅಂದ್ರಿ, ಉಪ್ಪುನೀರಿಂದೇ ಕೊಟ್ಟಿದ್ದೀನಿ. ಬಿಸಿ ಅಂತ ಹೇಳಿದ್ರಾ?" ಅಂಡಮಾನ್ ಅಂತ ಹೇಳಿದ್ದೆ ಸ್ವಾಮಿ, ಅಂಡಮಾನ್! "ರೀಲಿಗೆ ಸುತ್ತಿದ ಮೇಲೆ ವಾಪಸ್ ಇಲ್ಲ."

ತಣ್ಣನೆ ನೀರಿನ ಲೈನಿಗೆ ಸಾಮಾನ್ಯವಾಗಿ ಒಳಗೆ ಹೆಣೆದ ನೈಲಾನ್, ಮೇಲೆ ಮೆತ್ತನೆ ಹೊದಿಕೆ, ಚಳಿಗೆ ಸೆಟೆದುಕೊಳ್ಳಬಾರದು ಅಂತ. ನಮಗೆ ಬೇಕಾದ್ದು ಗಡುಸು ಹೊದಿಕೆ, ಡಬ್ಬಿ ಮೇಲೆ ಟ್ರಾಪಿಕಲ್ ಅಂತ ಇರಬೇಕು. ಅಂಥದ್ದು ಮೈಸೂರಿನ ಚಳಿಯಲ್ಲಿ ಸ್ಪ್ರಿಂಗಿನ ಥರ ಸುರುಳಿ ಸುತ್ತುತ್ತೆ, ಹೆದರಬೇಡಿ, ಅದೇ ಸರಿಯಾದ್ದು. ದುಡ್ಡು ಕೊಡೋ ಮುಂಚೆ ಚೀಟಿ ಕಿತ್ತು ನೋಡಿ, ಅವರು ಮುಖ ಸಿಂಡರಿಸಿದರೂ ಸರಿ.

ಡಬ್ಬಿ, ಬಿಲ್ಲು ಎರಡೂ ಇಟ್ಕೊಂಡಿದ್ದೀನಿ. ಮೊನ್ನೆ ಕಳಿಸಿದ ಮೆಸೇಜಿಗೆ ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ.