ಕುಂಬಳೆ ಅಳಿವೆಗೆ ಒಯ್ದ 8×42 ದುರ್ಬೀನು

ನವೆಂಬರಿನಲ್ಲಿ ತಗೊಂಡ ದುರ್ಬೀನು ಇದು. ಚಳಿಗಾಲ ಪೂರ್ತಿ ಕುಂಬಳೆ ಅಳಿವೆಗೂ ಚಂದ್ರಗಿರಿ ಹೊಳೆ ಕಡಲು ಸೇರುವ ಕಡೆಗೂ ಇದನ್ನೇ ಒಯ್ದೆ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಮೊದಲು 10 ಪಟ್ಟಿನದ್ದೇ ಬೇಕು ಅಂದುಕೊಂಡಿದ್ದೆ, ಆದರೆ ಕಡಲ ಗಾಳಿಗೆ ಕೈ ಅಲುಗಿದರೆ ಅದರಲ್ಲಿ ಹಕ್ಕಿ ಇನ್ನೂ ಜಾಸ್ತಿ ಕುಣಿಯುತ್ತದೆ, ಅಲ್ವಾ?

ತುಂಬ ಖುಷಿ ಕೊಟ್ಟದ್ದು ಕಡಲಕ್ಕಿಗಳು, ಅಂದರೆ ಇಂಗ್ಲಿಷಿನ ಗಲ್‌ಗಳು. ಚಳಿಗಾಲದಲ್ಲಿ ಕಂದು ತಲೆಯ ಜಾತಿಗೂ ಕಪ್ಪು ತಲೆಯ ಜಾತಿಗೂ ಆ ಬಣ್ಣ ಹೋಗಿ ತಲೆ ಬೆಳ್ಳಗಾಗುತ್ತದೆ, ಕಣ್ಣ ಹಿಂದೆ ಒಂದು ಕಪ್ಪು ಮಚ್ಚೆ ಉಳಿಯುತ್ತದೆ ಅಷ್ಟೆ. ಆಗ ಕಣ್ಣನ್ನೇ ನೋಡಬೇಕು. ಬಲಿತ ಕಂದು ತಲೆಯ ಹಕ್ಕಿಯ ಕಣ್ಣು ತಿಳಿ ಬಣ್ಣ, ಇನ್ನೊಂದರದ್ದು ಕಡುಗಪ್ಪು. ಮರಳ ದಿಣ್ಣೆಯಲ್ಲಿ ಕೂತ ಹಿಂಡಿನಲ್ಲಿ ಅದು ಸ್ಪಷ್ಟವಾಗಿ ಕಂಡಿತು! 2023ರಲ್ಲಿ ಕಾಸರಗೋಡು ಜಿಲ್ಲೆಯ ಹಕ್ಕಿಯಾದ ಬಿಳಿ ಹೊಟ್ಟೆಯ ಕಡಲ ಹದ್ದೂ ಸಿಕ್ಕಿತು.

ಕೊರತೆಯೂ ಇದೆ. ಪಟ್ಟಿ ತೆಳು, ಎರಡು ಗಂಟೆಯಲ್ಲಿ ಕತ್ತು ನೋಯುತ್ತದೆ, ನಾನು ಅಗಲದ್ದು ಹಾಕಿಸಿಕೊಂಡೆ. ಉಪ್ಪು ಹನಿ ಬಿದ್ದ ಗಾಜನ್ನು ಸುಮ್ನೆ ಅಂಗಿಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಒದ್ದೆ ಬಟ್ಟೆಯಿಂದ ಮೊದಲು ಉಪ್ಪು ತೆಗೆಯಿರಿ.