ಇಲ್‌ಫರ್ಡ್ ಎಚ್‌ಪಿ5 ಪ್ಲಸ್: ಆರು ವರ್ಷ, ಒಂದೇ ಕಡಲತೀರ

ನಾನು ಊರು ಬಿಟ್ಟು ತುಂಬಾ ವರ್ಷವಾಯಿತು. ಅಂಗಳ ದಾಟಿದರೆ ಮರಳು, ಮರಳು ದಾಟಿದರೆ ಕಡಲು, ಅಂಥ ಮನೆ. ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ಹೋಗುವಾಗೆಲ್ಲ ಬ್ಯಾಗಿನಲ್ಲಿ ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮಿನ ಎರಡು ರೀಲು ಇರುತ್ತವೆ. ಆರು ವರ್ಷದಿಂದ ಬೇರೆ ಯಾವುದನ್ನೂ ಹಾಕಿಲ್ಲ.

ಮೊದಲು ಬಣ್ಣದಲ್ಲೇ ತೆಗೆಯುತ್ತಿದ್ದೆ. ಚೆನ್ನಾಗಿಯೇ ಬರುತ್ತಿದ್ದವು. ಆದರೆ ಕಣ್ಣು ಸೀದಾ ಹೋಗುತ್ತಿದ್ದುದು ಹೊಸ ನೀಲಿ ಟಾರ್ಪಾಲಿಗೆ, ಪ್ಲಾಸ್ಟಿಕ್ ಡ್ರಮ್ಮಿಗೆ. ನಾನು ಬೆಳೆದ ಊರು ಅವುಗಳ ಹಿಂದೆ ಎಲ್ಲೋ ಉಳಿದುಬಿಡುತ್ತಿತ್ತು. ಎಚ್‌ಪಿ5ನ ಮೊದಲ ರೀಲಿನಲ್ಲಿ ಒಂದು ಹಳೆ ದೋಣಿ ಇತ್ತು. ಬಣ್ಣ ಎದ್ದುಹೋದ ಹಲಗೆ, ಮೊಳೆಯಿಂದ ಇಳಿದ ತುಕ್ಕಿನ ಗೆರೆ, ಹಗ್ಗ ಉಜ್ಜಿ ಉಜ್ಜಿ ಅಂಚಿನಲ್ಲಿ ಬಿದ್ದ ತಗ್ಗು. ಚಿಕ್ಕವನಿದ್ದಾಗ ಆ ತಗ್ಗಿನಲ್ಲಿ ಬೆರಳು ಆಡಿಸುತ್ತಾ ಕೂತಿರುತ್ತಿದ್ದೆ. ಮರೆತೇ ಹೋಗಿತ್ತು. ಪ್ರಿಂಟ್ ನೋಡಿದಾಗ ಮೊದಲು ನೆನಪಾದದ್ದು ಬೆರಳಿಗೆ.

ಇದು 1989ರಲ್ಲಿ ಬಂದ ಫಿಲ್ಮು, ವೇಗ, ಅಂದರೆ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎನ್ನುವ ಅಳತೆ, ಐಎಸ್‌ಒ 400. ದೋಣಿಗಳು ದಡಕ್ಕೆ ಬರುವ ನಸುಕಿನಲ್ಲಿ ಅಷ್ಟು ಸಾಲುವುದಿಲ್ಲ. ಆಗ ಇಡೀ ರೀಲನ್ನು 1600ರದ್ದೆಂದೇ ಲೆಕ್ಕ ಹಾಕಿ ತೆಗೆದು, ಡೆವಲಪ್ ಮಾಡುವಾಗ ಹೆಚ್ಚು ಹೊತ್ತು ಬಿಡುತ್ತೇನೆ. ಗ್ರೇನ್, ಅಂದರೆ ಚಿತ್ರದ ಕಣಕಣ, ಎದ್ದು ಕಾಣುತ್ತದೆ, ನೆರಳಿನೊಳಗಿನದು ಸ್ವಲ್ಪ ಹೋಗುತ್ತದೆ. ನನಗೆ ಅದು ಇಷ್ಟ. ತೀರಾ ನಯವಾದ ಚಿತ್ರ ಬೇಕೆಂದರೆ 100ರ ಫಿಲ್ಮು ನೋಡಿ.

ಮರಳಿನ ಮೇಲೆ ಮಾತ್ರ ಬೆಳಕು ಅಳೆಯುವ ಮೀಟರನ್ನು ಸುಮ್ನೆ ನಂಬಬೇಡಿ. ಎಷ್ಟೇ ಬೆಳ್ಳಗಿರಲಿ, ಅದು ಎಲ್ಲವನ್ನೂ ನಡುವಣ ಬೂದಿಗೆ ಎಳೆಯುತ್ತದೆ. ನನ್ನ ಮೊದಲ ಮೂರು ರೀಲಿನ ನೆಗೆಟಿವ್ ಬೆಳಕು ಸಾಲದೆ ತೆಳ್ಳಗೆ, ಮಸುಕಾಗಿ ಬಂದವು. ಮಧ್ಯಾಹ್ನದ ಮರಳು ಕೆಸರಿನ ಹಾಗೆ, ಜನರ ಮುಖ ಬರೀ ಕಪ್ಪು. ಈಗ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡುತ್ತೇನೆ, ಬಿಸಿಲು ಚುರುಕಾಗಿದ್ದರೆ ಒಂದೂವರೆ ಸ್ಟಾಪ್. ಹಳದಿ ಫಿಲ್ಟರ್ ಇದ್ದರೆ ಆಕಾಶ ಸ್ವಲ್ಪ ಗಾಢವಾಗಿ ಮೋಡ ಬಿಡಿಬಿಡಿಯಾಗಿ ಕಾಣುತ್ತದೆ. ಕೆಂಪು ಫಿಲ್ಟರನ್ನೂ ಹಾಕಿ ನೋಡಿದೆ. ಆಕಾಶ ಕಪ್ಪಾಗಿ ನೋಡುವವರು ಹೌಹಾರುವಂತಾಯಿತು. ನಮ್ಮೂರಿನ ಆಕಾಶ ಯಾವತ್ತೂ ಹಾಗಿರಲಿಲ್ಲ, ತೆಗೆದಿಟ್ಟುಬಿಟ್ಟೆ.

ಒಂದು ಸಲ ಲ್ಯಾಬಿನಿಂದ ಬಂದ ರೀಲಿನ ಉದ್ದಕ್ಕೂ ಗೀರು ಬಿದ್ದಿತ್ತು. ಅಪ್ಪ ಬಲೆ ಹೆಣೆಯುತ್ತಾ ಕೂತಿದ್ದ ರೀಲು ಅದು. ಗೀರು ಸರಿಯಾಗಿ ಅವರ ಕೈಗಳ ಮೇಲೇ ಹಾದುಹೋಗಿದೆ. ಆವತ್ತೇ ಮನೆಯಲ್ಲಿ ಡೆವಲಪ್ ಮಾಡಲು ಕಲಿಯಬೇಕೆಂದುಕೊಂಡೆ. ಐಡಿ-11 ಎಂಬ ಡೆವಲಪರ್ ದ್ರಾವಣಕ್ಕೆ ಅಷ್ಟೇ ನೀರು, 20 ಡಿಗ್ರಿ ಸೆಲ್ಸಿಯಸ್, 13 ನಿಮಿಷ. 400ಕ್ಕೆ ತೆಗೆದ ರೀಲಿಗೆ ಇದು ಒಮ್ಮೆಯೂ ಕೈಕೊಟ್ಟಿಲ್ಲ.

ಹೋದ ವಾರದ ರೀಲು ಈಗ ಬಚ್ಚಲುಮನೆಯಲ್ಲಿ ಒಣಗುತ್ತಿದೆ. 36ರಲ್ಲಿ 11 ಫ್ರೇಮು ಅದೇ ದೋಣಿಯದು. ಅರ್ಧ ಮರಳಲ್ಲಿ ಹೂತುಹೋಗಿದೆ. ಅಂಚಿನ ತಗ್ಗು ಇನ್ನೂ ಮೇಲಿದೆ.