ಮಹಾಬಲಿಪುರದಲ್ಲಿ ರೂಮ್ ಬುಕ್ ಮಾಡಿದೀರಾ? ಹೋಟೆಲಿನವರ ಫೋನ್ ಬಂದರೆ ಇದನ್ನು ನೆನಪಿಟ್ಟುಕೊಳ್ಳಿ

ಹೋಟೆಲಿನ ಹೆಸರು ಹಾಕಲ್ಲ. ಹಾಕಿದರೆ ಮುಂದಿನ ತಿಂಗಳು ಅದೇ ಕಟ್ಟಡಕ್ಕೆ ಬೇರೆ ಬೋರ್ಡು ಬರುತ್ತೆ, ಅಷ್ಟೇ. ಆದರೆ ಹೇಳದೇ ಇದ್ದರೆ ನನಗೆ ನಿದ್ದೆ ಬರೋ ಹಾಗಿಲ್ಲ, ಹತ್ತು ದಿನದಿಂದ ಬಂದಿಲ್ಲ. ಮೊದಲೇ ಒಪ್ಪಿಕೊಂಡುಬಿಡ್ತೀನಿ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡೋನು. ಕೌಂಟರಿನಲ್ಲಿ ಕೂತು "ಯಾರೋ ಫೋನ್ ಮಾಡಿ ದುಡ್ಡು ಹಾಕು ಅಂದ್ರೆ ಹಾಕಬೇಡಮ್ಮಾ" ಅಂತ ದಿನಾ ಹತ್ತು ಜನಕ್ಕೆ ಬುದ್ಧಿ ಹೇಳೋನು. ನಗೋದಿದ್ದರೆ ಇಲ್ಲೇ ನಕ್ಕುಬಿಡಿ, ಮುಂದೆ ಇನ್ನೂ ಇದೆ.

ಡಿಸೆಂಬರ್ 26 ಮತ್ತು 27, ಎರಡು ರಾತ್ರಿ. ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಮಂಡಿನೋವಿನ ಅಮ್ಮ. ತುಮಕೂರಿನಿಂದ ನಮ್ಮದೇ ಕಾರಲ್ಲಿ. ಆಪ್‌ನಲ್ಲಿ ಸಿಕ್ಕಿದ್ದು "ಸೀ ವ್ಯೂ ಎಸಿ ಫ್ಯಾಮಿಲಿ ರೂಮ್", ರಾತ್ರಿಗೆ 1,499. ಮೂವರು ದೊಡ್ಡವರು, ಒಂದು ಮಗು ಅಂತ ಸರಿಯಾಗೇ ಹಾಕಿದ್ದೆ. ದುಡ್ಡು ಹೋಟೆಲಲ್ಲೇ ಕೊಡೋದು. ಕ್ರಿಸ್‌ಮಸ್ ರಜೆ, ಅದರ ಮೇಲೆ ಅಲ್ಲಿ ನಾಟ್ಯೋತ್ಸವದ ಸೀಸನ್, ಆ ರೇಟಿಗೆ ರೂಮ್ ಸಿಕ್ಕಿದ್ದಕ್ಕೆ ಮನೆಯಲ್ಲಿ ಹೊಗಳಿಸಿಕೊಂಡಿದ್ದೆ ಬೇರೆ.

ಹೊರಡೋ ಹಿಂದಿನ ದಿನ ಮಧ್ಯಾಹ್ನ ಫೋನ್ ಬಂತು. ನನ್ನ ಹೆಸರು ಗೊತ್ತು, ತಾರೀಖು ಗೊತ್ತು, ಎಷ್ಟು ಜನ ಅಂತಲೂ ಗೊತ್ತು. ಮತ್ತೆ, ಇದನ್ನು ಗಮನಿಸಿ, ಮಾತಾಡಿದ್ದು ಕನ್ನಡದಲ್ಲಿ. "ನಾನೂ ಬೆಂಗಳೂರಲ್ಲೇ ಇದ್ದೆ ಸಾರ್, ಗಾಂಧಿನಗರದ ಲಾಡ್ಜಲ್ಲಿ ಎಂಟು ವರ್ಷ. ಕನ್ನಡದವರು ಅಂದ್ರೆ ನಮ್ಮವರೇ." ಹೊರರಾಜ್ಯದಲ್ಲಿ ಒಬ್ಬ ನಾಲ್ಕು ಮಾತು ಕನ್ನಡ ಆಡಿದರೆ ಸಾಕು, ನಾವು ಬೆಣ್ಣೆ ಥರ ಕರಗಿಬಿಡ್ತೀವಿ. ನಾನೂ ಕರಗಿದೆ. "ಆಪ್‌ನೋರು ಕಾಲು ಭಾಗ ನುಂಗ್ತಾರೆ ಸಾರ್, ನಿಮಗೂ ಲಾಸು, ನಮಗೂ ಲಾಸು. ಅದನ್ನ ಕ್ಯಾನ್ಸಲ್ ಮಾಡಿ, ನಾನು ಡೈರೆಕ್ಟಾಗಿ 1,200ಕ್ಕೆ ಕೊಡ್ತೀನಿ. ಅದೇ ರೂಮು. ಒಂದು ಎರಡು ಸಾವಿರ ಅಡ್ವಾನ್ಸ್ ಹಾಕಿ, ಸೀಸನ್ ಅಲ್ವಾ."

ಲೆಕ್ಕ ಹಾಕಿದೆ. ಎರಡು ರಾತ್ರಿಗೆ 598 ಉಳಿಯುತ್ತೆ. ಐನೂರಾ ತೊಂಬತ್ತೆಂಟು ರೂಪಾಯಿ! ಇವತ್ತಿಗೂ ಆ ನಂಬರ್ ಕಂಡರೆ ಮೈ ಉರಿಯುತ್ತೆ.

ಆ ಮನುಷ್ಯ ಲೈನಿನಲ್ಲೇ ಇದ್ದು ಕ್ಯಾನ್ಸಲ್ ಮಾಡಿಸಿದ. ಕಾರಣ ಕೇಳ್ತಲ್ಲ ಆಪ್, ಅಲ್ಲಿ "ನನ್ನ ಪ್ಲಾನ್ ಬದಲಾಗಿದೆ" ಅನ್ನೋದನ್ನ ಒತ್ತಿ ಸಾರ್ ಅಂದ. ಒತ್ತಿದೆ. ನನ್ನ ಕೈಯಲ್ಲೇ ಒತ್ತಿಸಿದ. ಆಮೇಲೆ ಯುಪಿಐ. ದುಡ್ಡು ಹಾಕುವಾಗ ಪರದೆ ಮೇಲೆ ಬಂದ ಹೆಸರು ಹೋಟೆಲಿನದಲ್ಲ, ಯಾರೋ ಹೆಂಗಸಿನದು. ನೋಡಿದೆ. ಬ್ಯಾಂಕಿನೋನು ನಾನು, ಅದನ್ನೇ ನೋಡಿ ಅಂತ ಊರಿಗೆಲ್ಲ ಹೇಳೋನು, ನೋಡಿದೆ, ಆದರೂ ಹಾಕಿದೆ. ಬಹುಶಃ ಹೆಂಡತಿ ಅಕೌಂಟ್ ಇರಬೇಕು ಅಂತ ಅವನ ಪರವಾಗಿ ನಾನೇ ಸಮಾಧಾನ ಹೇಳಿಕೊಂಡೆ.

ಹೊಸೂರು, ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರ, ಚೆಂಗಲ್‌ಪಟ್ಟು, ತಿರುಕ್ಕಳುಕುಂಡ್ರಂ. 400 ಕಿಲೋಮೀಟರ್ ಮೇಲೆ. ತಲುಪುವಾಗ ರಾತ್ರಿ ಒಂಬತ್ತು ದಾಟಿತ್ತು. ಅಮ್ಮನಿಗೆ ಕಾರಿಂದ ಇಳಿದು ನಿಲ್ಲೋಕೆ ಆಗ್ತಿರಲಿಲ್ಲ.

ಕೌಂಟರಿನಲ್ಲಿ ಅದೇ ಧ್ವನಿ. ಹಣೆ ತುಂಬ ವಿಭೂತಿ, ಬಾಯ್ತುಂಬ ನಗು. ಕನ್ನಡದಲ್ಲೇ "ಬನ್ನಿ ಬನ್ನಿ, ಅಮ್ಮನ್ನ ಕೂರಿಸಿ" ಅಂದ. ಗುರುತಿಗೆ ಏನಾದರೂ ಕೊಡಿ ಅಂದ, ಆಧಾರ್ ಕಾಪಿ ಮರೆತಿದ್ದೆ, ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ. "ಝೆರಾಕ್ಸ್ ಅಂಗಡಿ ಮುಚ್ಚಿದೆ, ಬೆಳಿಗ್ಗೆ ಮಾಡಿಸಿ ಕೊಡ್ತೀನಿ" ಅಂತ ಡ್ರಾಯರಿಗೆ ಹಾಕಿ ಬೀಗ ಹಾಕಿದ. ಬೀಗ ಹಾಕಿದ್ದು ನೋಡಿದೆ. ಆಗಲೂ ಏನೂ ಅನ್ನಿಸಲಿಲ್ಲ ನೋಡಿ.

ರೂಮಿಗೆ ಹೋದರೆ ಎರಡು ಜನರ ಮಂಚ ಒಂದು, ಗೋಡೆಗೆ ಅಂಟಿಕೊಂಡಿದೆ. ಉಪ್ಪುಗಾಳಿಗೆ ಕಿಟಕಿ ಸರಳೆಲ್ಲ ತುಕ್ಕು, ಮುಟ್ಟಿದರೆ ಪುಡಿ ಉದುರುತ್ತೆ. ಸೊಳ್ಳೆ ಬಲೆ ಹರಿದಿದೆ. ಕಿಟಕಿ ತೆಗೆದರೆ ಎದುರಿಗೆ ಪಕ್ಕದ ಕಟ್ಟಡದ ಬಚ್ಚಲ ಪೈಪು. ಬೆಡ್‌ಶೀಟಿನ ವಿಷಯ ಬರೆಯೋದಿಲ್ಲ, ಅಮ್ಮ ತನ್ನ ಸೀರೆ ಹಾಸಿಕೊಂಡು ಮಲಗಿದಳು, ಅಷ್ಟು ಹೇಳಿದರೆ ಸಾಕು.

ಕೆಳಗೆ ಹೋಗಿ ಕೇಳಿದೆ, ಸೀ ವ್ಯೂ ಎಲ್ಲಿ?

"ಇದೆ ಸಾರ್. ಈಗ ಕತ್ತಲು, ಹೆಂಗೆ ಕಾಣುತ್ತೆ?"

ಬೆಳಿಗ್ಗೆ ಮತ್ತೆ ಕೇಳಿದೆ. ತಾರಸಿಗೆ ಕರ್ಕೊಂಡು ಹೋದ. ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ, ಎರಡು ಎತ್ತರದ ಲಾಡ್ಜುಗಳ ಸಂದಿ ತೋರಿಸಿದ. ಸೀರೆ ಅಂಚಿನಷ್ಟು ನೀಲಿ ಪಟ್ಟಿ. "ನೋಡಿ ಸಾರ್, ಬಂಗಾಳ ಕೊಲ್ಲಿ." ಅಷ್ಟು ಹೆಮ್ಮೆಯಿಂದ ಹೇಳಿದ ಅಂದರೆ, ಅವನೇ ತೋಡಿಸಿದ್ದ ಅನ್ನಬೇಕು.

ಎಸಿ? ಅದಕ್ಕೆ ರಿಮೋಟೇ ಇಲ್ಲ. ಮೊದಲ ರಾತ್ರಿ ಹನ್ನೊಂದಕ್ಕೆ ಹುಡುಗ ಬಂದು ಸ್ಟೂಲ್ ಹತ್ತಿ ಯಾವುದೋ ಸ್ವಿಚ್ ಒತ್ತಿದ. ಗರ್ರ್ ಅಂತು. ಎರಡು ಗಂಟೆಗೆ ಮಗಳ ಮುಖದ ಮೇಲೆ ನೀರು. ಮೇಲಿಂದ ತೊಟ್ಟಿಕ್ತಾ ಇದೆ. ಕೆಳಗೆ ಫೋನ್ ಮಾಡಿದರೆ ಬಂದ ಉತ್ತರ ಕೇಳಿ: "ಡಿಸೆಂಬರ್‌ನಲ್ಲಿ ಯಾಕೆ ಸಾರ್ ಎಸಿ? ಕಿಟಕಿ ತೆಗೀರಿ, ಸಮುದ್ರದ ಗಾಳಿ, ನ್ಯಾಚುರಲ್ ಎಸಿ." ಕಿಟಕಿ ತೆಗೆದೆವು. ಸೊಳ್ಳೆ. ಮುಚ್ಚಿದೆವು. ಸೆಖೆ. ತೆಗೆದೆವು. ಹೀಗೇ ಬೆಳಗಾಯಿತು. ಏಳೂವರೆಗೆ ಹಿಂದಿನ ಬೀದಿಯ ಕಲ್ಲು ಕೆತ್ತೋರ ಗ್ರೈಂಡರ್ ಶುರುವಾಯಿತು. ಅದು ಅವರ ಹೊಟ್ಟೆಪಾಡು, ಶಿಲ್ಪಿಗಳ ಊರಲ್ಲಿ ಕಲ್ಲಿನ ಸದ್ದು ಇಲ್ಲದೆ ಇನ್ನೇನು, ಅವರನ್ನು ಬೈಯೋಲ್ಲ.

ಬೇರೆ ಕಡೆ ಹೋಗಬಹುದಿತ್ತಲ್ಲ ಅಂತ ಎಲ್ಲರೂ ಕೇಳ್ತಾರೆ. ಬೆಳಿಗ್ಗೆ ಒತ್ತವಾಡೈ ಬೀದಿಯ ಸುತ್ತ ಆರು ಕಡೆ ವಿಚಾರಿಸಿದೆ. ಎಲ್ಲ ಫುಲ್, ಇರೋ ಕಡೆ ನಾಲ್ಕು ಸಾವಿರ. ಮುಂದಿನ ರಾತ್ರಿ ಬೇಡ, ಉಳಿದ ದುಡ್ಡು ಕೊಡಿ ಅಂದರೆ "ನಾನ್ ರಿಫಂಡಬಲ್ ಸಾರ್". ಎಲ್ಲಿ ಬರೆದಿದೆ? "ಡೈರೆಕ್ಟ್ ಬುಕಿಂಗ್ ಎಲ್ಲಾ ಹಂಗೇ ಸಾರ್." ಆಪ್‌ನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗಿ ತುಂಬ ಮರ್ಯಾದೆಯಿಂದ ಹೇಳಿದಳು: ನಿಮ್ಮ ಬುಕಿಂಗ್ ನೀವೇ ರದ್ದು ಮಾಡಿದ್ದೀರಿ, ಕಾರಣ "ಪ್ಲಾನ್ ಬದಲಾಗಿದೆ" ಅಂತ ಕೊಟ್ಟಿದ್ದೀರಿ, ನಾವೇನು ಮಾಡಬಹುದು? ಏನೂ ಮಾಡೋಕಾಗಲ್ಲ ತಾಯಿ. ಅದಕ್ಕೇ ಅವನು ಅದನ್ನೇ ಒತ್ತಿಸಿದ್ದು. ಅಲ್ಲಿ, ಆ ಬೀದಿಯ ಮಧ್ಯದಲ್ಲಿ ನಿಂತು, ನನಗೆ ಆಗ ಹೊಳೀತು. ನನ್ನ ಹತ್ತಿರ ಬುಕಿಂಗೇ ಇಲ್ಲ. ಎಸಿ ಅಂತ, ಸೀ ವ್ಯೂ ಅಂತ, ನಾಲ್ಕು ಜನ ಅಂತ ಬರೆದಿದ್ದ ಒಂದೇ ಒಂದು ಕಾಗದವನ್ನು ನಾನೇ ಹರಿದು ಹಾಕಿ ಬಂದಿದ್ದೆ. ಬರೀ ಅವನ ಬಾಯಿಮಾತು ಉಳಿದಿದ್ದು.

ಊರು ಮಾತ್ರ ಊರೇ. ಅದನ್ನು ಹೇಳದೇ ಇದ್ದರೆ ತಪ್ಪಾಗುತ್ತೆ. 40 ರೂಪಾಯಿಯ ಒಂದೇ ಟಿಕೆಟ್‌ನಲ್ಲಿ ಕಡಲತೀರದ ದೇವಸ್ಥಾನವನ್ನೂ ಪಂಚರಥವನ್ನೂ ನೋಡಿದೆವು. ಒಂದೊಂದು ರಥ ಬಂಡೆಯಿಂದಲೇ ಕಡೆದಿದ್ದು, ನೋಡ್ತಾ ನಿಂತರೆ ರಾತ್ರಿಯ ಸೊಳ್ಳೆಯೂ ಮರೆಯುತ್ತೆ. ಅರ್ಜುನ ತಪಸ್ಸಿನ ದೊಡ್ಡ ಬಂಡೆಯ ಹತ್ತಿರ ಅಮ್ಮ ಕೂತಲ್ಲಿಂದಲೇ ಕೈ ತೋರಿಸಿದಳು. ಆನೆಗಳ ಹತ್ತಿರ ಒಂದು ಬೆಕ್ಕು, ಮುಂಗಾಲು ಎರಡೂ ಮೇಲೆತ್ತಿ ಋಷಿ ಥರ ತಪಸ್ಸಿಗೆ ನಿಂತಿದೆ, ಕಾಲ ಬುಡದಲ್ಲಿ ಇಲಿಗಳು ಭಕ್ತಿಯಿಂದ ಕೂತಿವೆ. "ನಮ್ ಲಾಡ್ಜಿನೋನು" ಅಂದಳು ಅಮ್ಮ. ಎರಡು ದಿನದಲ್ಲಿ ನಾವೆಲ್ಲ ನಕ್ಕಿದ್ದು ಅದೊಂದೇ ಸಲ.

ಮಗಳು ಇನ್ನೊಂದು ಬಿಟ್ಟಳು. ಊರಿಗೆ ಮಾಮಲ್ಲಪುರ ಅನ್ನೋ ಇನ್ನೊಂದು ಹೆಸರು ಬಂದಿದ್ದು ಮಾಮಲ್ಲ ಅನ್ನೋ ಪಲ್ಲವ ರಾಜ ನರಸಿಂಹವರ್ಮನಿಂದ, 642ರಲ್ಲಿ ನಮ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿ ಹಿಡಿದನಲ್ಲ, ಅವನೇ, ಅಂತ ನಾನು ಪಾಠ ಮಾಡ್ತಿದ್ದೆ. "ಪುಲಕೇಶಿ ಆದ್ಮೇಲೆ ನೀನೇನಾ ಅಪ್ಪಾ?" ಅಂದಳು. ಹೆಂಡತಿ ಏನೂ ಅನ್ನಲಿಲ್ಲ. ಎರಡು ದಿನವೂ ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಈಗ 28ರ ಬೆಳಿಗ್ಗೆಗೆ ಬರ್ತೀನಿ. ಬಿಲ್ ಕೇಳಿದೆ. ಬಿಳಿ ಚೀಟಿ. ರೂಮು 2,400. ಎಸಿ 1,000. ಎಕ್ಸ್‌ಟ್ರಾ ಬೆಡ್ 800. ಜಿಎಸ್‌ಟಿ 18 ಪರ್ಸೆಂಟ್, 756. ಟವೆಲ್ ಕಲೆ 300. ಒಟ್ಟು 5,256. ಅಡ್ವಾನ್ಸ್ ಕಳೆದು 3,256 ಕೊಡಿ.

ಎಸಿ ಓಡಲೇ ಇಲ್ಲವಲ್ಲ ಅಂದೆ.

"ಇರೋದು ಎಸಿ ರೂಮು. ಓಡಿಸೋದು ಬಿಡೋದು ನಿಮ್ಮಿಷ್ಟ."

ಈ ಸಲ ಅಂದಿದ್ದು ತಮಿಳಿನಲ್ಲಿ. ನಾನು ಕನ್ನಡದಲ್ಲಿ ಫೋನಲ್ಲಿ ಆಡಿದ ಮಾತು ನೆನಪಿಸಿದೆ. 1,200ಕ್ಕೆ ಅದೇ ರೂಮು ಅಂದಿರಲಿಲ್ವಾ? ನನ್ನ ಮುಖ ನೋಡಿ, ಒಂಚೂರೂ ನಾಚಿಕೆ ಇಲ್ಲದೆ, "ಕನ್ನಡ ತೆರಿಯಾದು ಸಾರ್" ಅಂದ. ಕನ್ನಡ ಗೊತ್ತಿಲ್ಲವಂತೆ! ಗಾಂಧಿನಗರದ ಎಂಟು ವರ್ಷ ಎಲ್ಲಿ ಹೋಯ್ತು? ನಮ್ಮವರೇ ಅಂದಿದ್ದು ಎಲ್ಲಿ ಹೋಯ್ತು? ದುಡ್ಡಿಗಿಂತ ಇದು ಚುಚ್ಚಿದ್ದು ನನಗೆ. ದುಡ್ಡು ಹೋಗಲಿ, ಆ "ತೆರಿಯಾದು" ಇನ್ನೂ ಕಿವಿಯಲ್ಲಿದೆ.

ಜಿಎಸ್‌ಟಿ ವಿಷಯದಲ್ಲಾದರೂ ಹಿಡೀಬಹುದು ಅಂದುಕೊಂಡೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿಗೆ 5 ಪರ್ಸೆಂಟ್, 18 ಇರೋದು ಅದಕ್ಕಿಂತ ದುಬಾರಿ ರೂಮಿಗೆ. 4,200ಕ್ಕೆ 210 ಆಗಬೇಕು, 756 ಅಲ್ಲ. ಮೇಲಾಗಿ ಚೀಟಿಯಲ್ಲಿ ಜಿಎಸ್‌ಟಿ ನಂಬರೇ ಇಲ್ಲ. ತಮಿಳುನಾಡಿನ ನಂಬರ್ 33ರಿಂದ ಶುರುವಾಗಬೇಕು, ಎಲ್ಲಿ ತೋರಿಸಿ ಅಂದೆ. ಅವನ ಉತ್ತರ: "ಬಿಲ್ ಬೇಕಂದ್ರೆ ಆಡಿಟರ್ ಬರಬೇಕು. ಮಂಡೇ ಬರ್ತಾರೆ. ಇರ್ತೀರಾ?" ಅವತ್ತು ಭಾನುವಾರ.

ಸರಿ, ಕೊಡಲ್ಲ ಅಂತ ಎದ್ದೆ. ಆಗ ಡ್ರಾಯರ್ ಮೇಲೆ ಬೆರಳಿಂದ ಟಕ್ ಟಕ್ ಬಡಿದ. ಲೈಸೆನ್ಸ್. ಒಂದು ಮಾತೂ ಆಡಲಿಲ್ಲ, ಬರೀ ಟಕ್ ಟಕ್.

ಕೊಟ್ಟೆ. 3,256 ರೂಪಾಯಿ ಎಣಿಸಿ ಕೊಟ್ಟೆ, ಯುಪಿಐ ಬೇಡ, ಕ್ಯಾಶ್ ಬೇಕು ಅಂದ, ಹುಡುಕಿಕೊಂಡು ಹೋಗಿ ಎಟಿಎಂನಿಂದ ತಂದು ಕೊಟ್ಟೆ. ಲೈಸೆನ್ಸ್ ಕೊಡುವಾಗ ಮತ್ತೆ ಅದೇ ನಗು: "ಕೊಂಜಂ ಅಡ್ಜಸ್ಟ್ ಪಣ್ಣುಂಗ ಸಾರ್." ವೆಲ್ಲೂರು ದಾಟಿದ ಮೇಲೆ ಜ್ಞಾಪಕ ಬಂತು, ನನ್ನ ಲೈಸೆನ್ಸ್ ಡಿಜಿಲಾಕರ್‌ನಲ್ಲಿದೆ, ದಾರಿಯಲ್ಲಿ ಪೊಲೀಸರಿಗೆ ಅದನ್ನೇ ತೋರಿಸಬಹುದಿತ್ತು. ಹೆಂಡತಿಗೆ ಹೇಳಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ.

ತಮಿಳರೇ ಹೀಗೆ ಅಂತ ದಯವಿಟ್ಟು ಯಾರೂ ಶುರು ಮಾಡಬೇಡಿ. ಎದುರಿನ ಟೀ ಅಂಗಡಿಯ ಅಜ್ಜಿ ನಮ್ಮ ಜಗಳ ಕೇಳಿ, ಅಮ್ಮನನ್ನು ಒಳಗೆ ಕೂರಿಸಿ, ಫ್ಲಾಸ್ಕಿಗೆ ಬಿಸಿನೀರು ತುಂಬಿ ಕೊಟ್ಟು, ದುಡ್ಡು ಕೊಟ್ಟರೆ ಕೈ ತಳ್ಳಿಬಿಟ್ಟಳು. ನಮ್ಮೂರ ಕಡೆ ಯಾತ್ರಾಸ್ಥಳಗಳಲ್ಲಿ ಇಂಥವರಿಲ್ಲ ಅಂತ ನಾನೇನೂ ಹೇಳಲ್ಲ.

ಮನೆಗೆ ಬಂದು ಮ್ಯಾಪ್‌ನಲ್ಲಿ ರಿವ್ಯೂ ಹಾಕಿದೆ, ನಡೆದಷ್ಟನ್ನೇ. ಎರಡು ಗಂಟೆಯೊಳಗೆ ಮಾಲೀಕರ ಉತ್ತರ: "ಪ್ರಿಯ ಅತಿಥಿಗಳೇ, ನೀವು ಒಂದು ರೂಮಿಗೆ ಏಳು ಜನರನ್ನು ಕರೆತಂದಿದ್ದಿರಿ, ರೂಮಿನಲ್ಲಿ ಅಡುಗೆ ಮಾಡಿದಿರಿ, ಆದರೂ ನಾವು ಮಾನವೀಯತೆಯಿಂದ ಸಹಕರಿಸಿದೆವು." ಏಳು ಜನ! ಅಡುಗೆ! ಅಮ್ಮ ತಂದಿದ್ದು ಚಟ್ನಿಪುಡಿ ಡಬ್ಬಿ. ಅದರ ಕೆಳಗೆ ಸಾಲಾಗಿ ಐದು ಸ್ಟಾರಿನ ರಿವ್ಯೂಗಳು, ಒಂದೇ ದಿನ ಬಂದವು, ಎಲ್ಲದರಲ್ಲೂ "ಸೂಪರ್ ಸ್ಟೇ, ನೈಸ್ ಸೀ ವ್ಯೂ". 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟೆ. ಬಿಲ್ ಕೇಳಿದರು. ಬಿಳಿ ಚೀಟಿಯ ಫೋಟೋ ಕಳಿಸಿದೆ. ದೂರಿನ ಸಂಖ್ಯೆ ಬಂದಿದೆ, ಅಲ್ಲಿಗೆ ನಿಂತಿದೆ.

ನಿಮಗೆ ಹೇಳೋದಿಷ್ಟೇ. ಆಪ್ ಬುಕಿಂಗ್ ಕ್ಯಾನ್ಸಲ್ ಮಾಡಿ ಅಂತ ಹೋಟೆಲಿನೋರು ಹೇಳಿದರೆ ಮಾಡಬೇಡಿ, ಎಷ್ಟೇ ಕನ್ನಡ ಮಾತಾಡಲಿ ಮಾಡಬೇಡಿ. ಮಾಡಲೇಬೇಕು ಅಂದರೆ ರೂಮು, ಎಸಿ, ಜನ, ತೆರಿಗೆ ಎಲ್ಲ ಸೇರಿ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಅಸಲಿ ಕಾರ್ಡು ಯಾವುದನ್ನೂ ಕೌಂಟರಿನಲ್ಲಿ ಬಿಡಬೇಡಿ, ಮೊಬೈಲಲ್ಲಿ ಫೋಟೋ ತೆಗೆದುಕೋ ಅನ್ನಿ. ಟವೆಲ್ಲನ್ನು ಮೊದಲ ದಿನವೇ ಬಿಡಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಹೌದು, ಟವೆಲ್ಲನ್ನೇ.

ನಿನ್ನೆ ಸಂಜೆ ಅದೇ ನಂಬರಿನಿಂದ ನನಗೊಂದು ಮೆಸೇಜ್ ಬಂದಿದೆ, ಗುಲಾಬಿ ಹೂವಿನ ಚಿತ್ರದ ಜೊತೆ. "ಸಂಕ್ರಾಂತಿ ಸ್ಪೆಷಲ್ ಆಫರ್ ಸಾರ್. ಸೀ ವ್ಯೂ ಎಸಿ ರೂಮ್ 1,100 ಮಾತ್ರ. ಆಪ್ ಬೇಡ, ಡೈರೆಕ್ಟ್ ಕಾಲ್ ಮಾಡಿ." ಅಚ್ಚ ಕನ್ನಡ ಲಿಪಿಯಲ್ಲಿ, ಒಂದು ಕಾಗುಣಿತ ತಪ್ಪೂ ಇಲ್ಲ.